ಕುರಿ ಸಾಕಾಕ ತರಬೇತಿ ಐತಿ, ಕೂಸು ಸಾಕಾಕ ಯಾಕಿಲ್ಲ?

ದೇವದುರ್ಗ, ಲಿಂಗಸುಗೂರು, ಮಾನ್ವಿ, ಮಸ್ಕಿ, ಸಿಂಧನೂರು, ಸಿರವಾರ, ರಾಯಚೂರು ತಾಲ್ಲೂಕುಗಳ ಅವ್ವಂದಿರೇ, ಅಕ್ಕಂದಿರೇ, ಅಜ್ಜ-ಅಜ್ಜಿಯರೇ, ಕಾಕಾ-ಮಾವಂದಿರೇ,

ಕುರಿ ಸಾಕುತ್ತೇನೆ ಎಂದು ನೀವು ಮುಂದೆ ಬಂದರೆ ಕಲಿಸುವವರಿದ್ದಾರೆ. ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೂರಿಸಿಕೊಂಡು ಯಾವ ತಿಂಗಳಿಗೆ ಯಾವ ಲಸಿಕೆ, ಮರಿಗೆ ಎಷ್ಟು ಹಾಲು, ಜಂತುಹುಳಕ್ಕೆ ಯಾವ ಔಷಧಿ ಎಂದು ಬಿಡಿಸಿ ಹೇಳುತ್ತಾರೆ. ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗೆ ಹೋದರೆ ಊಟ-ವಸತಿ ಸಮೇತ ಪುಕ್ಕಟೆ. 1982ರಲ್ಲಿ ಉಜಿರೆಯಲ್ಲಿ ಶುರುವಾದ ಆ ಪದ್ಧತಿ ಇವತ್ತು ದೇಶದ ತುಂಬ ಹಬ್ಬಿದೆ. ಒಳ್ಳೆಯದಾಯಿತು. ಕಲಿತು ಸಾಕಿದವರ ಹಟ್ಟಿಯಲ್ಲಿ ಮರಿ ಸಾಯುವುದು ಕಡಿಮೆ.

ಮಗಳು ತೀರಿಕೊಂಡಿದ್ದಾಳೆ. ಅಳಿಯ ಮತ್ತೊಂದು ಮದುವೆಯಾಗಿ ಊರು ಬಿಟ್ಟಿದ್ದಾನೆ. ಆರು ವರ್ಷದ ಮೊಮ್ಮಗ, ಮೂರು ವರ್ಷದ ಮೊಮ್ಮಗಳು ಅರವತ್ತು ದಾಟಿದ ಅವ್ವನ ಮಡಿಲಿಗೆ ಬಂದು ಬಿದ್ದಿದ್ದಾರೆ. ನಿಮ್ಮ ಓಣಿಯಲ್ಲೂ ಇಂಥ ಮನೆ ಇದೆ, ಹುಡುಕಬೇಕಾಗಿಲ್ಲ. ಆ ಅವ್ವನನ್ನು ಯಾರಾದರೂ ಕರೆದು ಕೂರಿಸಿ, "ಯವ್ವಾ, ಈ ಕೂಸು ರಾತ್ರಿ ಎದ್ದು ಅಳ್ತದ, ಹಾಸ್ಗಿ ಒದ್ದಿ ಮಾಡ್ತದ, ಅದಕ್ಕ ಹಿಂಗ ಮಾಡು" ಎಂದು ಹೇಳಿದ್ದುಂಟೇ? ಯಾವ ಕಚೇರಿಯಲ್ಲಿ ಯಾವ ಅರ್ಜಿ ಕೊಡಬೇಕು ಎಂದು ಹೇಳಿದ್ದುಂಟೇ?

ಹೇಳಿದ್ದೆಲ್ಲ ಬೇರೆ. "ನಿನ್ನ ಹಣೆಬರ ಬೇ" ಅಂದರು. "ದೇವರು ನಿನಗ ಶಕ್ತಿ ಕೊಡಲಿ" ಅಂದರು. ಕೂಸಿಗೆ ಕೇಳಿಸುವ ಹಾಗೆಯೇ "ಅವ್ವನ್ನ ನುಂಗ್ಕೊಂಡು ಹುಟ್ಟೇತಿ" ಎಂದೂ ಅಂದರು. ದೇವರು ಕೊಡುವ ಶಕ್ತಿ ಬರಲಿ. ಸರ್ಕಾರ ಕೊಡಬೇಕಾದ ತರಬೇತಿಯನ್ನು ಕೇಳಿ ಪಡೆಯೋಣ ಬನ್ನಿ ಎಂದು ಕರೆಯುವುದಕ್ಕೆ ಈ ಕರಪತ್ರ.

ನಮ್ಮ ಜಿಲ್ಲೆಯಲ್ಲಿ ತಂದೆ-ತಾಯಿ ಸತ್ತ ಮಕ್ಕಳು ಮಾತ್ರ ಅಜ್ಜಿಯ ಪಾಲಿಗೆ ಬರುವುದಿಲ್ಲ. ಹೊಲದ ಕೆಲಸ ತೀರುತ್ತಿದ್ದ ಹಾಗೆ ಗುಳೆಯ ಗಂಟು ಕಟ್ಟುತ್ತೇವೆ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಿಗೆ ಗಾರೆ ಹೊರುವುದಕ್ಕೆ, ಹೈದರಾಬಾದಿಗೆ, ಪುಣೆಗೆ. ಶಾಲೆ ತಪ್ಪಬಾರದೆಂದು ದೊಡ್ಡ ಮಗುವನ್ನು ಊರಲ್ಲಿ ಬಿಡುತ್ತೇವೆ. "ಎರಡು ತಿಂಗಳು ನೋಡ್ಕೊ ಬೇ" ಎಂದು ಹೋದವರು ಯುಗಾದಿಗೆ ಒಮ್ಮೆ ಬಂದು ಹೋಗುತ್ತಾರೆ. ಅಪ್ಪ ಕುಡಿತಕ್ಕೆ ಬಿದ್ದ ಮನೆ, ಅವ್ವ ಕಾಯಿಲೆ ಬಿದ್ದ ಮನೆ, ಗಂಡ-ಹೆಂಡಿರು ಬೇರೆಯಾದ ಮನೆ, ಎಲ್ಲ ಕಡೆಯಿಂದಲೂ ಮಕ್ಕಳು ಬಂದು ಸೇರುವುದು ಅಜ್ಜಿ, ದೊಡ್ಡವ್ವ, ಚಿಗವ್ವ, ಸೋದರಮಾವನ ಕಟ್ಟೆಗೇ. ಹೀಗೆ ಸಾಕುವವರ ಹೆಸರು ಯಾವ ರಿಜಿಸ್ಟರಿನಲ್ಲೂ ಇಲ್ಲ. ಹೆಸರೇ ಇಲ್ಲದವರನ್ನು ತರಬೇತಿಗೆ ಕರೆಯುವವರು ಯಾರು?

ಗೋವಿನ ಹಾಡು ಬಾರದ ಕನ್ನಡಿಗರಿಲ್ಲ. ಹುಲಿಯ ಹತ್ತಿರ ಹೋಗುವ ಮುಂಚೆ ಪುಣ್ಯಕೋಟಿ ತನ್ನ ಕರುವನ್ನು ಬಳಗದ ಹಸುಗಳಿಗೆ ಒಪ್ಪಿಸಿ ಹೋದಳು. ಕೇಳುವವರ ಕಣ್ಣಲ್ಲಿ ನೀರು ಬರುವುದು ಅಲ್ಲಿಯೇ. ಹುಲಿಯ ಮನಸ್ಸು ಕರಗಿತು, ತಾಯಿ ಉಳಿದಳು, ಹಾಡು ಮುಗಿಯಿತು. ಹುಲಿಯ ಮನಸ್ಸು ಕರಗದೆ ಹೋಗಿದ್ದರೆ? ಒಪ್ಪಿಸಿಕೊಂಡ ಹಸುಗಳು ಆ ಕರುವನ್ನು ಹೇಗೆ ಬೆಳೆಸುತ್ತಿದ್ದವೆಂದು ಯಾವ ಹಾಡೂ ಹೇಳುವುದಿಲ್ಲ. ನಾವು ಒಪ್ಪಿಸಿಕೊಂಡವರ ಕಡೆಯವರು.

ಕೂಸು ಮಾಡುವುದನ್ನು ಮೊದಲು ನೋಡೋಣ. ತಾಯಿಯನ್ನು ಕಳೆದುಕೊಂಡ ನಾಲ್ಕು ವರ್ಷದ ಮಗು ಒಮ್ಮೆಗೇ ಎರಡು ವರ್ಷದ್ದರ ಹಾಗೆ ಆಡುತ್ತದೆ. ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾಗುತ್ತದೆ, ಬಂದಿದ್ದ ಮಾತು ನಿಲ್ಲುತ್ತದೆ. ಹಸಿವು ಉಂಡ ಮಗು ರೊಟ್ಟಿಯನ್ನು ಚಾದರದೊಳಗೆ ಬಚ್ಚಿಡುತ್ತದೆ. ಹೊಟ್ಟೆ ತುಂಬ ಉಣ್ಣಿಸಿದರೂ ಬಚ್ಚಿಡುತ್ತದೆ, ಏಕೆಂದರೆ ನಾಳೆಯ ಮೇಲೆ ಅದಕ್ಕೆ ನಂಬಿಕೆಯಿಲ್ಲ. ಇನ್ನು ಕೆಲವು ಮಕ್ಕಳು ಯಾರನ್ನು ಹೆಚ್ಚು ಹಚ್ಚಿಕೊಂಡಿರುತ್ತಾರೋ ಅವರನ್ನೇ ಕಚ್ಚುತ್ತಾರೆ, ಗುದ್ದುತ್ತಾರೆ. "ಇಷ್ಟು ಮಾಡಿದ್ರೂ ಉಪಕಾರ ಇಲ್ಲ" ಎಂದು ಅಜ್ಜಿ ಕಣ್ಣೀರು ಹಾಕುತ್ತಾಳೆ. "ನೀನೂ ನನ್ನ ಬಿಟ್ಟು ಹೋಗ್ತಿಯೇನು" ಎಂಬುದನ್ನು ಕೇಳಲು ಆ ಮಗುವಿಗೆ ಗೊತ್ತಿರುವ ದಾರಿ ಅದೊಂದೇ ಎಂದು ಅವಳಿಗೆ ಯಾರೂ ಹೇಳಿಲ್ಲ. ಗೊತ್ತಿಲ್ಲದ ಮೇಲೆ ಕೈ ಎತ್ತುತ್ತಾಳೆ, ಬರೆ ಹಾಕುತ್ತೇನೆಂದು ಹೆದರಿಸುತ್ತಾಳೆ, ಒದ್ದೆ ಚಾದರವನ್ನು ಓಣಿಯವರಿಗೆ ತೋರಿಸಿ ನಾಚಿಕೆ ಮಾಡುತ್ತಾಳೆ. ಮಗು ಇನ್ನಷ್ಟು ಹೆದರುತ್ತದೆ, ಹಾಸಿಗೆ ಇನ್ನಷ್ಟು ಒದ್ದೆಯಾಗುತ್ತದೆ.

ಇದನ್ನು ತಡೆಯುವುದಕ್ಕೆ ದೊಡ್ಡ ವಿದ್ಯೆ ಬೇಕಾಗಿಲ್ಲ. ಸಂಜೆಯ ಮೇಲೆ ನೀರು ಕಡಿಮೆ ಮಾಡಿ, ನೀವು ಮಲಗುವ ಮುಂಚೆ ಮಗುವನ್ನು ಎಬ್ಬಿಸಿ ಹೊರಗೆ ಕರೆದೊಯ್ಯಿರಿ, ಒದ್ದೆಯಾದರೆ ಸದ್ದಿಲ್ಲದೆ ಚಾದರ ಬದಲಿಸಿ. ರೊಟ್ಟಿ ಬಚ್ಚಿಡುವ ಮಗುವಿಗೆ ಅದರದ್ದೇ ಒಂದು ಡಬ್ಬಿ ಕೊಟ್ಟು, "ಇದರಾಗಿಂದು ನಿಂದು, ಯಾರೂ ಮುಟ್ಟಂಗಿಲ್ಲ" ಎನ್ನಿ. ದಿನಾ ಅದೇ ಹೊತ್ತಿಗೆ ಊಟ, ಅದೇ ಜಾಗದಲ್ಲಿ ನಿದ್ದೆ, ಹೊರಗೆ ಹೊರಟರೆ ಎಷ್ಟು ಹೊತ್ತಿಗೆ ಬರುತ್ತೀರೆಂದು ಹೇಳಿ ಹೋಗುವುದು. ಇಷ್ಟರಿಂದಲೇ ಎಷ್ಟೋ ಮಕ್ಕಳು ತಿಂಗಳುಗಳಲ್ಲಿ ತಿಳಿಯಾಗುತ್ತಾರೆ. ತಿಳಿಯಾಗದಿದ್ದರೆ ಯಾರ ಹತ್ತಿರ ಹೋಗಬೇಕು ಎಂಬುದನ್ನೂ ತರಬೇತಿಯಲ್ಲಿ ಹೇಳಬೇಕು.

ಸಾವಿನ ಸುದ್ದಿ ಇದಕ್ಕಿಂತ ಕಷ್ಟದ್ದು. "ಅವ್ವ ಎಲ್ಲೈತಿ?" ಎಂದು ಕೂಸು ಕೇಳಿದರೆ "ಬೆಂಗಳೂರಿಗೆ ಹೋಗ್ಯಾಳ, ಬರ್ತಾಳ" ಎನ್ನುತ್ತೇವೆ. ಕರುಣೆಯಿಂದಲೇ ಹೇಳುವ ಸುಳ್ಳು. ಆದರೆ ಐದಾರು ವರ್ಷದೊಳಗಿನ ಮಕ್ಕಳಿಗೆ ಸತ್ತವರು ತಿರುಗಿ ಬರುವುದಿಲ್ಲ ಎಂಬುದೇ ಪೂರ್ತಿ ತಿಳಿಯುವುದಿಲ್ಲ. ಮೇಲಿಂದ ನಾವೂ ಬರುತ್ತಾಳೆ ಎಂದರೆ ಬಸ್ಸು ಬಂದಾಗಲೆಲ್ಲ ಓಡಿ ಹೋಗಿ ನೋಡುತ್ತವೆ. ಬಾರದಿದ್ದಾಗ ತಪ್ಪು ತಮ್ಮದೇ ಎಂದುಕೊಳ್ಳುತ್ತವೆ: ನಾನು ಹಟ ಮಾಡಿದೆ, ಅದಕ್ಕೆ ಬಿಟ್ಟು ಹೋದಳು. ಮುಂದೆ ಶಾಲೆಯಲ್ಲಿ ಯಾರೋ ಹುಡುಗ "ನಿಮ್ಮವ್ವ ಸತ್ತಾಳಲ್ಲೋ" ಎಂದ ದಿನ ಅಜ್ಜಿಯ ಮೇಲಿನ ನಂಬಿಕೆಯೂ ಹೋಗುತ್ತದೆ. ಸಣ್ಣ ಮಾತಿನಲ್ಲಿ ನಿಜವನ್ನೇ ಹೇಳಬೇಕು, ನಿನ್ನ ತಪ್ಪಲ್ಲ ಎಂದು ಮತ್ತೆ ಮತ್ತೆ ಹೇಳಬೇಕು, ತಾಯಿಯ ಫೋಟೊ ಅಡಗಿಸಬಾರದು. ತಾನು ಹೆತ್ತ ಮಗಳ ಸಾವನ್ನು ಅವಳ ಮಗುವಿಗೆ ತಾನೇ ಹೇಳುವುದಕ್ಕೆ ಆ ಅಜ್ಜಿಗೆ ಬಾಯಿ ಹೇಗೆ ಬರಬೇಕು? ಅವಳಿಗೂ ಅಳುವುದಕ್ಕೊಂದು ಜಾಗ ಬೇಕು. ಅವಳ ಹಾಗೆಯೇ ಇರುವ ಇನ್ನೂ ನಾಲ್ಕು ಅಜ್ಜಿಯರು ಜೊತೆ ಕೂತಾಗ ಆ ಜಾಗ ಸಿಗುತ್ತದೆ. ತರಬೇತಿ ಎಂದು ನಾವು ಕೇಳುತ್ತಿರುವುದರ ಅರ್ಧಪಾಲು ಇದೇ.

ಅನಾಥಾಶ್ರಮಕ್ಕೆ ಬಿಟ್ಟರೆ ತಪ್ಪೇನು, ಅಲ್ಲಿ ಎಲ್ಲ ಕಲಿತವರೇ ಇರುತ್ತಾರೆ ಎಂದು ಕೇಳುವವರಿದ್ದಾರೆ. 2015ರ ಬಾಲನ್ಯಾಯ ಕಾಯ್ದೆಯೇ ಅದಕ್ಕೆ ಉತ್ತರ ಹೇಳಿದೆ: ಮಗುವನ್ನು ಸಂಸ್ಥೆಯಲ್ಲಿ ಇಡುವುದು ಬೇರೆಲ್ಲ ದಾರಿ ಮುಚ್ಚಿದ ಮೇಲಿನ ಮಾತು, ಮೊದಲಿಗೆ ಮನೆ. ರುಮೇನಿಯಾ ದೇಶದ ಬುಕಾರೆಸ್ಟ್ ನಗರದಲ್ಲಿ 2000ದ ಆಸುಪಾಸಿನಲ್ಲಿ ಅನಾಥಾಶ್ರಮದ 136 ಎಳೆಯ ಮಕ್ಕಳ ಮೇಲೆ ಒಂದು ಅಧ್ಯಯನ ಶುರುವಾಯಿತು. ಅರ್ಧದಷ್ಟು ಮಕ್ಕಳನ್ನು ಪೋಷಕ ಕುಟುಂಬಗಳಿಗೆ ಕೊಟ್ಟರು. ಮನೆ ಸಿಕ್ಕ ಮಕ್ಕಳ ಬುದ್ಧಿಯ ಬೆಳವಣಿಗೆ ಉಳಿದವರಿಗಿಂತ ಚೆನ್ನಾಗಿತ್ತು. ಎರಡು ವರ್ಷ ತುಂಬುವ ಮೊದಲೇ ಮನೆ ಸೇರಿದವರದ್ದು ಇನ್ನೂ ಚೆನ್ನಾಗಿತ್ತು. ಇಷ್ಟನ್ನು ಎಲ್ಲರೂ ಭಾಷಣದಲ್ಲಿ ಹೇಳುತ್ತಾರೆ. ಹೇಳದೆ ಬಿಡುವುದು ಇನ್ನೊಂದಿದೆ: ಆ ಪೋಷಕ ಕುಟುಂಬಗಳ ಕೈಗೆ ಮಗುವನ್ನು ಕೊಟ್ಟು ಸುಮ್ಮನಾಗಲಿಲ್ಲ, ಸಮಾಜ ಕಾರ್ಯಕರ್ತರು ಅವರ ಮನೆಗೆ ಹೋಗುತ್ತಲೇ ಇದ್ದರು, ಕಷ್ಟ ಕೇಳುತ್ತಲೇ ಇದ್ದರು.

ನಮ್ಮಲ್ಲಿ ಇರುವ ವ್ಯವಸ್ಥೆಯನ್ನು ಇಲ್ಲವೆನ್ನುವುದಿಲ್ಲ. ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಪ್ರಾಯೋಜಕತ್ವ ಎಂಬುದಿದೆ: ಅಜ್ಜಿ ಅಥವಾ ಬಂಧುಗಳ ಮನೆಯಲ್ಲಿರುವ ಅನಾಥ ಮಗುವಿಗೆ, ವಿಧವೆ ತಾಯಿಯ ಮಗುವಿಗೆ, ತಂದೆ-ತಾಯಿ ದೊಡ್ಡ ಕಾಯಿಲೆಗೆ ಬಿದ್ದಿರುವ ಮಗುವಿಗೆ ತಿಂಗಳಿಗೆ 4,000 ರೂಪಾಯಿ. ಕುಟುಂಬದ ವಾರ್ಷಿಕ ಆದಾಯ ಹಳ್ಳಿಯಲ್ಲಿ 72,000, ನಗರದಲ್ಲಿ 96,000 ರೂಪಾಯಿ ಮೀರಿರಬಾರದು. ಕೋವಿಡ್ಡಿಗೆ ತಂದೆ-ತಾಯಿಯನ್ನು ಕಳೆದುಕೊಂಡು ಬಂಧುಗಳ ಮನೆ ಸೇರಿದ ಮಕ್ಕಳಿಗೆ ನಮ್ಮ ರಾಜ್ಯ 2021ರಲ್ಲಿ ತಿಂಗಳಿಗೆ 3,500 ರೂಪಾಯಿಯ ಬಾಲ ಸೇವಾ ಯೋಜನೆ ತಂದಿತು. ಅರ್ಜಿ ಹೋಗಬೇಕಾದದ್ದು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ನಮ್ಮೂರ ಅಜ್ಜಿ ಅದೊಂದು ಕಚೇರಿ ಇದೆ ಎಂದು ಕೇಳಿಯೇ ಇಲ್ಲ. ಕೇಳಿದವಳು ಮರಣ ಪ್ರಮಾಣ ಪತ್ರ ಒಂದು ಕಡೆ, ಆದಾಯ ಪ್ರಮಾಣ ಪತ್ರ ಇನ್ನೊಂದು ಕಡೆ, ಆಧಾರಿನಲ್ಲಿ ಹೆಸರು ತಪ್ಪು ಎಂದು ಅಲೆದು ಅಲೆದು ಒಂದು ವಾರದ ಕೂಲಿ ಕಳೆದುಕೊಂಡು ಮನೆಗೆ ಬಂದು ಕೂತಿದ್ದಾಳೆ. ಮಗುವಿನ ಹೆಸರು ಇನ್ನೂ ಅಪ್ಪನ ರೇಷನ್ ಕಾರ್ಡಿನಲ್ಲೇ ಇದೆ, ಆ ಪಾಲಿನ ಅಕ್ಕಿ ಅಜ್ಜಿಯ ಮನೆಗೆ ಬರುತ್ತಿಲ್ಲ.

ಶಾಲೆಯಲ್ಲಿಯೂ ಇದೇ ಪಾಡು. "ತಂದಿ-ತಾಯಿ ಕರ್ಕೊಂಡು ಬಾ" ಎಂದು ವಾಪಸ್ ಕಳಿಸುತ್ತಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಮಗುವನ್ನು ತನ್ನ ಹತ್ತಿರ ಇಟ್ಟುಕೊಂಡು ನೋಡಿಕೊಳ್ಳುತ್ತಿರುವವರೇ ಪೋಷಕರು. ವಯಸ್ಸಿನ ದಾಖಲೆ ಇಲ್ಲವೆಂದು ದಾಖಲಾತಿ ನಿರಾಕರಿಸುವಂತಿಲ್ಲ. ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ತಂದೆ-ತಾಯಿ ಅಥವಾ ಪೋಷಕರಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಹೆಂಗಸರು ಎಂದೂ ಅದೇ ಕಾಯ್ದೆ ಹೇಳುತ್ತದೆ. ಅಂದರೆ ಮೊಮ್ಮಗಳ ಶಾಲೆಯ ಎಸ್‌ಡಿಎಂಸಿಯಲ್ಲಿ ಅಜ್ಜಿಯೂ ಕುರ್ಚಿ ಎಳೆದುಕೊಂಡು ಕೂರಬಹುದು. ಇಷ್ಟು ಗೊತ್ತಿದ್ದರೆ ಮುಖ್ಯ ಶಿಕ್ಷಕರ ಎದುರು ಅವಳ ದನಿ ಎಷ್ಟು ಬದಲಾಗುತ್ತದೆ ನೋಡಿ.

ರಕ್ತಸಂಬಂಧವಿಲ್ಲದೆಯೂ ಮಗುವನ್ನು ಸಾಕಲು ಮುಂದೆ ಬರುವ ಕುಟುಂಬಗಳಿಗೆ ಇನ್ನೊಂದು ಮಾತು. ಬಾಲನ್ಯಾಯ ಕಾಯ್ದೆಯ 44ನೇ ಸೆಕ್ಷನ್ನಿನಲ್ಲಿ ಪೋಷಕತ್ವಕ್ಕೆ ಅವಕಾಶವಿದೆ. ಮಗುವನ್ನು ಒಪ್ಪಿಸುವುದು ಮಕ್ಕಳ ಕಲ್ಯಾಣ ಸಮಿತಿ. ಅಣ್ಣ-ತಂಗಿಯರನ್ನು ಆದಷ್ಟೂ ಬೇರೆ ಮಾಡಬಾರದು, ತಿಂಗಳಿಗೊಮ್ಮೆ ಸಮಿತಿ ಮಗುವಿನ ಕ್ಷೇಮ ನೋಡಬೇಕು. 2024ರ ಮಾದರಿ ಮಾರ್ಗಸೂಚಿ ಮದುವೆಯಾಗದವರಿಗೂ, ಒಂಟಿಯಾಗಿರುವವರಿಗೂ ಪೋಷಕರಾಗಲು ದಾರಿ ತೆರೆದಿದೆ. ದತ್ತು ಪಡೆಯಲು ಮೊದಲು ಐದು ವರ್ಷ ಕಾಯಬೇಕಿತ್ತು, ಈಗ ಎರಡು ವರ್ಷ ಸಾಕಿದ ಮೇಲೆ ಕೇಳಬಹುದು. ಆದರೆ ನೆನಪಿರಲಿ, ಪೋಷಕತ್ವವೆಂದರೆ ದತ್ತು ಅಲ್ಲ. ಹೆತ್ತ ತಾಯಿ ಚೇತರಿಸಿಕೊಂಡರೆ ಮಗು ಅವಳ ಹತ್ತಿರ ಹೋಗಬೇಕು, ನೀವೇ ಕೈ ಹಿಡಿದು ಬಿಟ್ಟು ಬರಬೇಕು. ಬಿಟ್ಟುಕೊಡುವುದಕ್ಕೆಂದೇ ಹಚ್ಚಿಕೊಳ್ಳುವುದು, ಹಚ್ಚಿಕೊಂಡ ಮೇಲೆ ಬಿಟ್ಟುಕೊಡುವುದು! ಇದನ್ನು ಯಾವ ತಾಯಿಯೂ ಹೊಟ್ಟೆಯಿಂದ ಕಲಿತು ಬರುವುದಿಲ್ಲ. ತಾಯಿ ನೋಡಲು ಬಂದುಹೋದ ರಾತ್ರಿ ಮಗು ಏಕೆ ಊಟ ಬಿಡುತ್ತದೆ, ಆ ತಾಯಿಯನ್ನು ಬಯ್ಯುವುದು ಮಗುವನ್ನೇ ಬಯ್ದ ಹಾಗೆ ಏಕೆ ಆಗುತ್ತದೆ ಎಂಬುದನ್ನೆಲ್ಲ ಮಗು ಮನೆಗೆ ಬರುವ ಮೊದಲೇ ಕಲಿಸಬೇಕು. ಪೋಷಕ ಕುಟುಂಬಕ್ಕೆ ಸಮಾಲೋಚನೆ ಕೊಡಬೇಕೆಂಬ ಮಾತು ಕಾಗದದಲ್ಲಿದೆ. ಅರ್ಧ ಗಂಟೆ ಕೂರಿಸಿ ಮುಚ್ಚಳಿಕೆಗೆ ಸಹಿ ಮಾಡಿಸಿಕೊಳ್ಳುವುದನ್ನು ಸಮಾಲೋಚನೆ ಎನ್ನಲು ನಾವು ತಯಾರಿಲ್ಲ.

(ಬಸ್‌ ಸ್ಟ್ಯಾಂಡಿನಲ್ಲಿ, ಆಸ್ಪತ್ರೆಯಲ್ಲಿ ಸಿಕ್ಕ ಕೂಸನ್ನು ಪುಣ್ಯವೆಂದು ನೇರ ಮನೆಗೆ ತಂದು ಸಾಕುವುದು ಅಪರಾಧ. 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ತರಬೇಕು. 1098ಕ್ಕೆ ಫೋನ್ ಮಾಡಿ.)

ಹುಡುಗಿಯರ ವಿಷಯವನ್ನು ಮುಚ್ಚುಮರೆಯಿಲ್ಲದೆ ಹೇಳಿಬಿಡೋಣ. ಮೊಮ್ಮಗಳು ಮೈನೆರೆದಳು ಎಂದ ಕೂಡಲೇ ಅಜ್ಜಿಗೆ ನಿದ್ದೆ ಹತ್ತುವುದಿಲ್ಲ. "ನಾ ಕಣ್ಣು ಮುಚ್ಚೋದ್ರಾಗ ಒಂದು ದಾರಿ ಮಾಡಬೇಕು" ಎಂದು ಹದಿನಾಲ್ಕಕ್ಕೇ ಗಂಡು ಹುಡುಕುತ್ತಾಳೆ. ಅವಳ ಭಯ ಸುಳ್ಳಲ್ಲ, ಆದರೆ ದಾರಿ ತಪ್ಪು. ಕರ್ನಾಟಕದಲ್ಲಿ ಬಾಲ್ಯವಿವಾಹ ಮೊದಲ ದಿನದಿಂದಲೇ ಅಸಿಂಧು, ತಾಳಿ ಕಟ್ಟಿದರೂ ಅದು ಮದುವೆಯಲ್ಲ. ಹಾಸ್ಟೆಲ್ಲಿದೆ, ವಸತಿ ಶಾಲೆಯಿದೆ, ವಿದ್ಯಾರ್ಥಿವೇತನವಿದೆ ಎಂದು ತೋರಿಸಿಕೊಡುವವರು ಬೇಕು. ಮನೆಗೆ ಬಂದುಹೋಗುವ ನೆಂಟರಲ್ಲೇ ಯಾರಾದರೂ ಮಗುವಿನ ಮೈಮೇಲೆ ಕೈ ಹಾಕಿದರೆ "ಮನಿ ಮರ್ಯಾದಿ" ಎಂದು ನುಂಗಿಕೊಳ್ಳಬಾರದು. 2012ರ ಪೋಕ್ಸೊ ಕಾಯ್ದೆಯಲ್ಲಿ ಗೊತ್ತಿದ್ದೂ ತಿಳಿಸದೆ ಇರುವುದೇ ಅಪರಾಧ. ಅಜ್ಜನೊಬ್ಬನೇ ಮೊಮ್ಮಗಳನ್ನು ಸಾಕುತ್ತಿರುವ ಮನೆಗಳೂ ಇವೆ. ಮುಟ್ಟಿನ ಮಾತು ಅವನಿಂದ ಹೇಗೆ ಸಾಧ್ಯ? ಆಶಾ ಅಕ್ಕನನ್ನು ಯಾವಾಗ ಕರೆಯಬೇಕೆಂದು ತಿಳಿದಿದ್ದರೆ ಸಾಧ್ಯ.

ಹಾಗಾದರೆ ಎಂಥ ತರಬೇತಿ ಕೇಳೋಣ? ಜಿಲ್ಲಾ ಕೇಂದ್ರದ ಹವಾನಿಯಂತ್ರಿತ ಸಭಾಂಗಣದಲ್ಲಿ ಬ್ಯಾನರ್ ಕಟ್ಟಿ, ವೇದಿಕೆಯ ಮೇಲೆ ಹನ್ನೆರಡು ಜನ ಹಾರ-ತುರಾಯಿ ಹಾಕಿಸಿಕೊಂಡು, ಕೆಳಗೆ ಎಂಟು ಜನರನ್ನು ಕೂರಿಸಿ, ಮಧ್ಯಾಹ್ನ ಪುಲಾವ್ ಕೊಟ್ಟು ಫೋಟೊ ಹೊಡೆದು ಕಳಿಸುವ ತರಬೇತಿ ನಮಗೆ ಬೇಡ. ನಮ್ಮ ಪಂಚಾಯ್ತಿಯಲ್ಲೇ ಆಗಬೇಕು, ಅಂಗನವಾಡಿಯಲ್ಲೋ ಸಮುದಾಯ ಭವನದಲ್ಲೋ. ಹೊಲದ ಕೆಲಸವಿಲ್ಲದ ದಿನ ನೋಡಿ ಇಡಬೇಕು. ಹತ್ತಿ ಬಿಡಿಸುವ ಕಾಲದಲ್ಲಿ ಕರೆದರೆ ಯಾರೂ ಬರುವುದಿಲ್ಲ. ಬಂದವರಿಗೆ ಆ ದಿನದ ಕೂಲಿ ಕೊಡಬೇಕು, ಅವರು ಕೂತಿರುವಾಗ ಮಕ್ಕಳನ್ನು ಆಡಿಸಲು ಯಾರಾದರೂ ಇರಬೇಕು. ಒಂದು ದಿನಕ್ಕೆ ಮುಗಿಯಬಾರದು. ಮಗು ಬರುವ ಮೊದಲು ಒಮ್ಮೆ, ಬಂದ ಮೇಲೆ ತಿಂಗಳು ತಿಂಗಳೂ ಕೂಡಬೇಕು. ಓದು-ಬರಹ ಬಾರದವರಿಗೂ ತಿಳಿಯುವಂತೆ ನಮ್ಮ ರಾಯಚೂರು ಮಾತಿನಲ್ಲೇ ಹೇಳಬೇಕು. ಕಾಗದ-ಪತ್ರದ ದಿನ ಮಕ್ಕಳ ರಕ್ಷಣಾ ಘಟಕದವರು ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದು ಅಲ್ಲಿಯೇ ಅರ್ಜಿ ಹಾಕಿಸಿಕೊಳ್ಳಬೇಕು. ಮಕ್ಕಳ ಮನಸ್ಸಿನ ವಿಷಯ ಕಲಿಸುವವರನ್ನು ದೂರದ ದೇಶದಿಂದ ತರಬೇಕಿಲ್ಲ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಸಂಕಟದಲ್ಲಿರುವ ಮಕ್ಕಳಿಗೆಂದೇ 'ಸಂವಾದ್' ಎಂಬ ವಿಭಾಗವಿದೆ. ಅಲ್ಲಿ ಕಲಿತವರು ಇಲ್ಲಿ ಬಂದು ನಮ್ಮ ಅಂಗನವಾಡಿ ಟೀಚರುಗಳಿಗೆ ಕಲಿಸಲಿ. ನಾಲ್ಕು ಮೊಮ್ಮಕ್ಕಳನ್ನು ದಡ ಸೇರಿಸಿದ ಅಜ್ಜಿ ಊರಲ್ಲಿದ್ದರೆ ಅವಳನ್ನೂ ಕಲಿಸುವವರ ಸಾಲಿನಲ್ಲಿ ಕೂರಿಸಿ ಗೌರವಧನ ಕೊಡಿ. ಅವಳಿಗೆ ಗೊತ್ತಿರುವುದರಲ್ಲಿ ಎಷ್ಟೋ ಯಾವ ಪುಸ್ತಕದಲ್ಲೂ ಇಲ್ಲ.

ಗಂಡಸರೇ, ಇದು ಹೆಂಗಸರ ಕಾರ್ಯಕ್ರಮವೆಂದು ಹೋಟೆಲ್ ಕಟ್ಟೆಗೆ ನಡೆಯಬೇಡಿ. ಮಗುವನ್ನು ಹೊಡೆಯುವ ಕೈಗಳಲ್ಲಿ ಕಾಕಾ-ಮಾವಂದಿರವೂ ಇವೆ. ಆಶ್ರಯ ಕೊಟ್ಟವರೇ ಮಗುವನ್ನು ಹಿಂಸಿಸಿದರೆ ಬಾಲನ್ಯಾಯ ಕಾಯ್ದೆಯ 75ನೇ ಸೆಕ್ಷನ್ನಿನಲ್ಲಿ ಮೂರು ವರ್ಷದವರೆಗೆ ಜೈಲಿದೆ. ಜೈಲಿಗಿಂತ ಮೊದಲು ಕಲಿಕೆ ಸಿಗಲಿ ಎಂಬುದೇ ನಮ್ಮ ಬೇಡಿಕೆ.

ಈಗ ನೀವು ಮಾಡಬೇಕಾದದ್ದು. ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ನಡೆಯಲೇಬೇಕೆಂಬ ಕಾನೂನಿದೆ. ನಿಮ್ಮೂರಿನ ಮುಂದಿನ ಗ್ರಾಮಸಭೆ ಯಾವತ್ತು ಎಂದು ಪಿಡಿಒ ಅವರನ್ನು ಇವತ್ತೇ ಕೇಳಿ. ಮಕ್ಕಳ ಗ್ರಾಮಸಭೆ ನಡೆದರೆ ಅಲ್ಲಿಗೂ ಹೋಗಿ. ಓಣಿಯಲ್ಲಿ ಮೊಮ್ಮಕ್ಕಳನ್ನು ಸಾಕುತ್ತಿರುವ ಪ್ರತಿ ಮನೆಯಿಂದ ಒಬ್ಬರನ್ನಾದರೂ ಹೊರಡಿಸಿ. ಸಂಘದ ಅಕ್ಕಂದಿರು ಜೊತೆಗೆ ಬನ್ನಿ. ಅಧ್ಯಕ್ಷರು "ಅಜೆಂಡಾದಾಗ ಇಲ್ಲ" ಎಂದರೆ "ಬರ್ಕೊಳ್ರಿ, ಈಗ ಬರುತ್ತದ" ಎನ್ನಿ. ಎದ್ದು ನಿಂತು ಈ ಠರಾವನ್ನು ಗಟ್ಟಿಯಾಗಿ ಓದಿ:

"ನಮ್ಮ ಪಂಚಾಯ್ತಿ ವ್ಯಾಪ್ತಿಯಲ್ಲಿ ತಂದೆ-ತಾಯಿ ಇಲ್ಲದ ಅಥವಾ ಇದ್ದೂ ಹತ್ತಿರವಿಲ್ಲದ ಮಕ್ಕಳನ್ನು ಸಾಕುತ್ತಿರುವ ಮನೆಗಳ ಪಟ್ಟಿಯನ್ನು ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರ ಮೂಲಕ ಮೂರು ತಿಂಗಳೊಳಗೆ ಮಾಡಬೇಕು. ಆ ಪಟ್ಟಿ ಗೋಪ್ಯವಾಗಿರಬೇಕು, ನೋಟಿಸ್ ಬೋರ್ಡಿಗೆ ಅಂಟಿಸಬಾರದು. ಪಟ್ಟಿಯಲ್ಲಿರುವ ಎಲ್ಲ ಪೋಷಕರಿಗೂ ಪಂಚಾಯ್ತಿ ಮಟ್ಟದಲ್ಲಿಯೇ ಪ್ರತಿ ತಿಂಗಳು, ಕೂಲಿ ಭರಿಸಿ, ತರಬೇತಿ ನಡೆಸಬೇಕೆಂದು ಜಿಲ್ಲಾ ಮಕ್ಕಳ ರಕ್ಷಣಾ ಘಟಕ ಹಾಗೂ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯನ್ನು ಈ ಸಭೆ ಒತ್ತಾಯಿಸುತ್ತದೆ. ಪ್ರಾಯೋಜಕತ್ವಕ್ಕೆ ಅರ್ಹರಿರುವ ಮಕ್ಕಳ ಅರ್ಜಿಗಳನ್ನು ಪಂಚಾಯ್ತಿ ಕಚೇರಿಯಲ್ಲಿಯೇ ಸ್ವೀಕರಿಸಿ ಕಳಿಸಬೇಕು."

ಠರಾವನ್ನು ನಡಾವಳಿ ಪುಸ್ತಕದಲ್ಲಿ ಬರೆದದ್ದನ್ನು ಕಣ್ಣಾರೆ ನೋಡಿದ ಮೇಲೆಯೇ ಸಹಿ ಅಥವಾ ಹೆಬ್ಬೆಟ್ಟು. ಖಾಲಿ ಹಾಳೆಗೆ ಬೇಡ. ಠಸ್ಸೆ ಹಾಕಿದ ನಕಲು ಪ್ರತಿಯನ್ನು ಪಿಡಿಒ ಅವರಿಂದ ಪಡೆದುಕೊಂಡು, ಒಂದನ್ನು ಮಕ್ಕಳ ರಕ್ಷಣಾ ಘಟಕಕ್ಕೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ತಿಂಗಳು ಕಳೆದರೂ ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ.

ಮಗುವಿಗೆ ಅಪಾಯವಿದ್ದರೆ: 1098. ಮಗುವಿನದ್ದಾಗಲಿ ನಿಮ್ಮದಾಗಲಿ ಮನಸ್ಸು ಕೆಟ್ಟು ದಾರಿ ಕಾಣದಿದ್ದರೆ: ಟೆಲಿ-ಮಾನಸ್ 14416, ಪುಕ್ಕಟೆ, ಕನ್ನಡದಲ್ಲಿ ಮಾತಾಡುತ್ತಾರೆ.

ಮೊಮ್ಮಕ್ಕಳನ್ನೂ ಬಂಧುಗಳ ಮಕ್ಕಳನ್ನೂ ಸಾಕುತ್ತಿರುವವರ ಪರವಾಗಿ
ರಾಯಚೂರು ಜಿಲ್ಲೆ